ಹತ್ತು ಜನರಿಲ್ಲದ ಸಂಸ್ಥೆಯ ಕೆಲಸಗಾರನಿಗೂ ಆರೋಗ್ಯ ವಿಮೆ ಸಿಗಲಿ

ಸಂಪಾದಕರಿಗೆ,

ಮಾನ್ಯರೇ,

ಮಾರ್ಚ್ ತಿಂಗಳು ಬಂತೆಂದರೆ ನಮ್ಮ ಕಸುಬಿನಲ್ಲಿ 'ಸೀಸನ್' ಶುರುವಾಗುತ್ತದೆ. ಚಳಿಗಾಲವೆಲ್ಲ ಸುಮ್ಮನಿದ್ದ ಎಸಿಗಳನ್ನು ಜನ ಒಮ್ಮೆಗೇ ಚಾಲೂ ಮಾಡುತ್ತಾರೆ. ಸಂಪು, ಮೋಟರು, ಓವರ್‌ಹೆಡ್ ಟ್ಯಾಂಕುಗಳ ದೂರುಗಳೂ ಅದೇ ಹೊತ್ತಿಗೆ ಒಂದರ ಹಿಂದೆ ಒಂದು ಬರುತ್ತವೆ. ಬೆಳಿಗ್ಗೆ ಎಂಟಕ್ಕೆ ಹೊರಟ ಹುಡುಗರು ರಾತ್ರಿ ಒಂಬತ್ತಕ್ಕೆ ಅಂಗಡಿಗೆ ಬಂದು ಟೂಲ್ ಬ್ಯಾಗ್ ಇಳಿಸುವ ದಿನಗಳಿವು. ಬೀಳುವುದು, ಸುಟ್ಟುಕೊಳ್ಳುವುದು, ಕೈ ಕೊಯ್ದುಕೊಳ್ಳುವುದು ನಮ್ಮಲ್ಲಿ ಹೆಚ್ಚಾಗುವುದೂ ಇದೇ ತಿಂಗಳುಗಳಲ್ಲಿ. ಮೈಸೂರಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಪ್ಲಂಬಿಂಗ್ ಮತ್ತು ಎಸಿ ಕೆಲಸದ ಸಣ್ಣ ಸಂಸ್ಥೆಯೊಂದನ್ನು ನಡೆಸುತ್ತಿರುವ, ಎಂಟು ಮಂದಿಗೆ ತಿಂಗಳ ಸಂಬಳ ಕೊಡುವ ಮಾಲೀಕನಾಗಿ, ನಮ್ಮಂಥ ಸಂಸ್ಥೆಗಳಲ್ಲಿ ದುಡಿಯುವವರ ಆರೋಗ್ಯ ವಿಮೆಯ ವಿಚಾರವನ್ನು ತಮ್ಮ ಪತ್ರಿಕೆಯ ಓದುಗರ, ನನ್ನ ಕಸುಬಿನ ಇತರ ಮಾಲೀಕರ ಮತ್ತು ಸರ್ಕಾರದ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ಮನೆಗೆ ಬಂದು ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿ ಹೋಗುವ ಹುಡುಗನನ್ನು ನೋಡಿದವರಿಗೆ ಈ ಕೆಲಸದ ಅಪಾಯ ಕಾಣುವುದಿಲ್ಲ. ಎಸಿಯ ಒಳಗಿನ ಯೂನಿಟ್ ಮಲಗುವ ಕೋಣೆಯಲ್ಲಿರುತ್ತದೆ ನಿಜ, ಆದರೆ ಹೊರಗಿನ ಯೂನಿಟ್ ಇರುವುದು ಸಾಮಾನ್ಯವಾಗಿ ಎರಡನೆಯ ಅಥವಾ ಮೂರನೆಯ ಮಹಡಿಯ ಗೋಡೆಯ ಹೊರಮೈಯಲ್ಲಿ, ಎರಡು ಕಬ್ಬಿಣದ ಬ್ರಾಕೆಟ್‌ಗಳ ಮೇಲೆ. ಅದನ್ನು ಮುಟ್ಟಬೇಕಾದರೆ ಒಂದಡಿ ಅಗಲದ ಸಜ್ಜಾದ ಮೇಲೆ ನಿಂತು, ಒಂದು ಕೈಯಲ್ಲಿ ಕಿಟಕಿಯ ಸರಳು ಹಿಡಿದು, ಇನ್ನೊಂದು ಕೈಯಲ್ಲಿ ಸ್ಪ್ಯಾನರ್ ತಿರುಗಿಸಬೇಕು. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್‌ನಲ್ಲಿ ವಿದ್ಯುತ್ ಉಳಿದಿರುತ್ತದೆ. ಅಲ್ಲಿ ಸಣ್ಣದೊಂದು ಶಾಕ್ ತಗುಲಿದರೂ ಸಾಕು, ಕೈ ಬಿಟ್ಟುಹೋಗುತ್ತದೆ. ಇತ್ತೀಚಿನ ಬಹುತೇಕ ಎಸಿಗಳಲ್ಲಿರುವ ಆರ್-32 ಅನಿಲಕ್ಕೆ ಬೆಂಕಿ ಹಿಡಿಯುವ ಗುಣವಿದೆ, ಆ ಅನಿಲ ಹರಿಯುವ ಪೈಪನ್ನು ನಾವು ಬೆಂಕಿಯ ಜ್ವಾಲೆಯಿಂದಲೇ ಬೆಸೆಯಬೇಕು. ಪ್ಲಂಬಿಂಗ್ ಕಡೆಯ ಹುಡುಗರು ಗೋಡೆಯಲ್ಲಿ ಪೈಪು ಕೂರಿಸುವ ಕಾಲುವೆ ಕೊರೆಯುವಾಗ ಗ್ರೈಂಡರ್ ಎಬ್ಬಿಸುವ ಸಿಮೆಂಟು ಮತ್ತು ಕಲ್ಲಿನ ಪುಡಿಯನ್ನು ವರ್ಷಗಟ್ಟಲೆ ಉಸಿರಾಡುತ್ತಾರೆ. ಬಹುಕಾಲ ಮುಚ್ಚಿದ್ದ ಸಂಪಿನೊಳಗೆ ಇಳಿದವನಿಗೆ ಉಸಿರೇ ಸಿಗದೆ ಹೋಗಬಹುದು. ಮೋರಿಯ ಕೊಳೆನೀರಿನಲ್ಲಿ ಬರಿಗೈ ಇಟ್ಟವನಿಗೆ ಇಲಿಜ್ವರ ಬರಬಹುದು. ನಲವತ್ತು ದಾಟಿದ ಪ್ಲಂಬರ್‌ಗಳಲ್ಲಿ ಮೊಣಕಾಲು ಮತ್ತು ಸೊಂಟದ ನೋವಿಲ್ಲದವರನ್ನು ನಾನಂತೂ ಕಂಡಿಲ್ಲ.

2024ರ ಮಾರ್ಚ್‌ನಲ್ಲಿ ನಮ್ಮ ಎಸಿ ತಂಡದ ಇಪ್ಪತ್ತಾರು ವರ್ಷದ ಹುಡುಗನೊಬ್ಬ ಎರಡನೆಯ ಮಹಡಿಯ ಸಜ್ಜಾದಿಂದ ಜಾರಿ ಬಿದ್ದ. ಕೆಳಗೆ ಮರಳಿನ ರಾಶಿ ಇದ್ದುದರಿಂದ ಜೀವ ಉಳಿಯಿತು, ಆದರೆ ಬಲಗಾಲಿನ ಹಿಮ್ಮಡಿಯ ಮೂಳೆ ಪುಡಿಯಾಯಿತು. ಹತ್ತಿರದ ಖಾಸಗಿ ಆಸ್ಪತ್ರೆಗೆ ಕರೆದೊಯ್ದಾಗ ಕೌಂಟರಿನಲ್ಲಿ ಕೇಳಿದ ಮೊದಲ ಪ್ರಶ್ನೆ, "ಇನ್ಶೂರೆನ್ಸ್ ಇದೆಯಾ, ಕ್ಯಾಶಾ?" ಎಂಬುದು. ಅವನು ಸ್ಟ್ರೆಚರ್ ಮೇಲೆ ಮಲಗಿಕೊಂಡೇ ನನ್ನ ಮುಖ ನೋಡಿದ. ಕ್ಯಾಶ್ ಎಂದೆ. ಮುಂಗಡ ಕಟ್ಟಿದೆವು, ಪ್ಲೇಟು ಹಾಕಿ ಶಸ್ತ್ರಚಿಕಿತ್ಸೆ ಮಾಡಿದರು, ಮನೆಗೆ ಕಳಿಸುವ ಹೊತ್ತಿಗೆ ಬಿಲ್ಲು ₹1,38,000 ಆಗಿತ್ತು. ಅವನ ಮಾವ ಊರಿನಲ್ಲಿ ಒಡವೆ ಗಿರವಿ ಇಟ್ಟು ಐವತ್ತು ಸಾವಿರ ತಂದರು, ಇಪ್ಪತ್ತೆಂಟು ಸಾವಿರ ಅವನದೇ ಉಳಿತಾಯ, ಉಳಿದ ಅರವತ್ತು ಸಾವಿರ ನಾನು ಕೊಟ್ಟೆ. ನಾಲ್ಕು ತಿಂಗಳು ಅವನು ಮನೆಯಲ್ಲಿದ್ದ. ಅದರಲ್ಲಿ ಎರಡು ತಿಂಗಳು ಅರ್ಧ ಸಂಬಳ ಕೊಟ್ಟೆ.

ಕೊಟ್ಟೆ ಎಂದು ಬರೆದೆನಲ್ಲ, ಅಲ್ಲಿಯೇ ಈ ಪತ್ರದ ಮುಖ್ಯ ವಿಷಯವಿದೆ. ನಮ್ಮಂಥ ಪ್ರತಿಯೊಂದು ಅಂಗಡಿಯಲ್ಲೂ ಉದ್ದನೆಯ ಅಡ್ವಾನ್ಸ್ ಪುಸ್ತಕವೊಂದು ಇರುತ್ತದೆ. ಆ ಪುಸ್ತಕದ ಅವನ ಪುಟದಲ್ಲಿ 'ಆಸ್ಪತ್ರೆ – 60,000' ಎಂದು ನಾನೇ ನನ್ನ ಕೈಯಾರೆ ಬರೆದುಕೊಂಡೆ. ಅವನು ಕೆಲಸಕ್ಕೆ ಮರಳಿದ ತಿಂಗಳಿನಿಂದ ಹದಿನೆಂಟು ಸಾವಿರದ ಸಂಬಳದಲ್ಲಿ ಎರಡೂವರೆ ಸಾವಿರ ಹಿಡಿದುಕೊಳ್ಳತೊಡಗಿದೆ. ಅವನೂ ಚಕಾರ ಎತ್ತಲಿಲ್ಲ, ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಕಷ್ಟಕಾಲದಲ್ಲಿ ಬಡ್ಡಿಯಿಲ್ಲದೆ ಹಣ ಕೊಟ್ಟ ಮಾಲೀಕನೆಂಬ ಸಮಾಧಾನವೇ ನನ್ನಲ್ಲಿತ್ತು. ಸುಮಾರು ಒಂದು ವರ್ಷದ ನಂತರ ಅವನ ಜೊತೆಗಾರನೊಬ್ಬ ಮಾತಿನ ನಡುವೆ ಹೇಳಿದ ಮೇಲೆ ತಿಳಿಯಿತು: ಬೆಂಗಳೂರಿನ ದೊಡ್ಡ ಕಂಟ್ರಾಕ್ಟರ್ ಒಬ್ಬರು ಅವನನ್ನು ತಿಂಗಳಿಗೆ ನಾಲ್ಕು ಸಾವಿರ ಹೆಚ್ಚು ಕೊಟ್ಟು ಕರೆದಿದ್ದರಂತೆ, "ಸಾರ್ ಹತ್ರ ಆಸ್ಪತ್ರೆ ಸಾಲ ಇದೆ, ಹೇಗೆ ಬಿಟ್ಟು ಹೋಗಲಿ" ಎಂದು ಅವನು ನಿರಾಕರಿಸಿದ್ದನಂತೆ. ಅವನು ಬಿದ್ದದ್ದು ನನ್ನ ಕೆಲಸದಲ್ಲಿ, ನಾನು ಒಪ್ಪಿಕೊಂಡು ಬಂದ ಗ್ರಾಹಕರ ಮನೆಯಲ್ಲಿ. ಹಾಗೆ ಬಿದ್ದುದಕ್ಕೆ ಅವನು ನನಗೆ ಸಾಲಗಾರನಾಗಿ, ಆ ಸಾಲ ಅವನ ಕಾಲಿಗೆ ಹಗ್ಗವಾಗಿತ್ತು. ಪುಸ್ತಕದಲ್ಲಿ ಉಳಿದಿದ್ದ ಮೂವತ್ತು ಸಾವಿರದ ಮೇಲೆ ಅಂದೇ ಗೀಟು ಎಳೆದೆ, ಹಿಡಿದುಕೊಂಡಿದ್ದ ಮೂವತ್ತು ಸಾವಿರವನ್ನು ಎರಡು ಕಂತಿನಲ್ಲಿ ಹಿಂದಕ್ಕೆ ಕೊಟ್ಟೆ.

ಕಾನೂನು ಏನು ಹೇಳುತ್ತದೆ ಎಂಬುದನ್ನು ನಾನು ವಿಚಾರಿಸಿ ತಿಳಿದುಕೊಂಡದ್ದು ಆಮೇಲೆ. 1923ರಷ್ಟು ಹಿಂದಿನ, ಆ ಅಪಘಾತದ ಹೊತ್ತಿಗೆ ಜಾರಿಯಲ್ಲಿದ್ದ ಕಾರ್ಮಿಕ ಪರಿಹಾರ ಕಾಯ್ದೆಯ ಪ್ರಕಾರವೇ ಕೆಲಸದ ವೇಳೆಯಲ್ಲಿ, ಕೆಲಸದ ಕಾರಣದಿಂದ ಆದ ಗಾಯಕ್ಕೆ ಮಾಲೀಕ ಹೊಣೆಗಾರ. 2010ರಲ್ಲಿ ಜಾರಿಗೆ ಬಂದ ತಿದ್ದುಪಡಿಯ ಬಳಿಕ ಅಂಥ ಗಾಯದ ಚಿಕಿತ್ಸೆಗೆ ನಿಜವಾಗಿ ತಗುಲಿದ ಖರ್ಚನ್ನೂ ಮಾಲೀಕನೇ ಭರಿಸಬೇಕು. ಈ ಹೊಣೆಗೆ ಸಂಸ್ಥೆಯಲ್ಲಿ ಹತ್ತು ಜನರಿರಬೇಕು, ಇಪ್ಪತ್ತು ಜನರಿರಬೇಕು ಎಂಬ ಷರತ್ತಿಲ್ಲ. ಐಟಿ ಪಾರ್ಕುಗಳ ಕೆಲಸ ಹಿಡಿಯುವಾಗ ನಾವು ಒಂದು 'ಡಬ್ಲ್ಯೂಸಿ ಪಾಲಿಸಿ' ಮಾಡಿಸಿ ಗೇಟಿನಲ್ಲಿ ಕಾಗದ ತೋರಿಸುತ್ತೇವೆ. ಅದೇ ಹೊಣೆಯನ್ನು ವಿಮಾ ಕಂಪನಿಗೆ ವಹಿಸುವ ಪಾಲಿಸಿ ಅದು. ಆದರೆ ನಾವು ಮಾಡಿಸುವ ಅಗ್ಗದ ಪಾಲಿಸಿಯಲ್ಲಿ ಆಸ್ಪತ್ರೆಯ ಖರ್ಚು ಹೆಚ್ಚಾಗಿ ಸೇರಿರುವುದಿಲ್ಲ, ಅದನ್ನು ಪ್ರತ್ಯೇಕವಾಗಿ ಕೇಳಿ, ಸ್ವಲ್ಪ ಹೆಚ್ಚು ಕಟ್ಟಿ ಸೇರಿಸಿಕೊಳ್ಳಬೇಕು. ಮೇಲಾಗಿ ಇದೆಲ್ಲ ಕೆಲಸದ ಗಾಯಕ್ಕೆ ಮಾತ್ರ. ಹುಡುಗನಿಗೆ ಡೆಂಗಿ ಬಂದರೆ, ಹೆಂಡತಿಯ ಹೆರಿಗೆ ಕಷ್ಟವಾದರೆ, ಮಗುವಿಗೆ ನ್ಯುಮೋನಿಯಾ ಆದರೆ ಡಬ್ಲ್ಯೂಸಿ ಪಾಲಿಸಿ ನೆರವಿಗೆ ಬರುವುದಿಲ್ಲ.

ಹಾಗಾದರೆ ಇವರ ನೆರವಿಗೆ ಬರುವುದು ಏನು? ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮಾ ಯೋಜನೆ, ಕಡ್ಡಾಯವಾಗುವುದು ಹತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಗಳಿಗೆ, ಅದೂ ತಿಂಗಳಿಗೆ ₹21,000 ಮೀರದ ಸಂಬಳದವರಿಗೆ. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ ₹5 ಲಕ್ಷದವರೆಗಿನ ಚಿಕಿತ್ಸೆ ಸಿಗುತ್ತದೆ, ಎಪಿಎಲ್ ಕಾರ್ಡಿನವರಿಗೆ ಸರ್ಕಾರ ಭರಿಸುವುದು ಚಿಕಿತ್ಸೆಗೆ ನಿಗದಿಪಡಿಸಿದ ಪ್ಯಾಕೇಜ್ ದರದ ಶೇ 30ರಷ್ಟನ್ನು ಮಾತ್ರ. ನಾನು ಹೇಳಿದ ಹುಡುಗನ ಹೆಸರು ಊರಿನಲ್ಲಿ ಅಪ್ಪನ ಎಪಿಎಲ್ ಕಾರ್ಡಿನಲ್ಲಿ ಉಳಿದುಕೊಂಡಿತ್ತು. ನಮ್ಮ ಎಂಟು ಮಂದಿಯಲ್ಲಿ ಬಿಪಿಎಲ್ ಕಾರ್ಡ್ ಇದ್ದದ್ದು ಮೂವರಿಗೆ. ಅವರಿಗೂ ತುರ್ತು ಸಂದರ್ಭ ಬಿಟ್ಟರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವಿಲ್ಲದೆ ಖಾಸಗಿ ಆಸ್ಪತ್ರೆಯಲ್ಲಿ ಈ ಸೌಲಭ್ಯ ದೊರೆಯುವುದಿಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಪ್ಲಂಬರ್‌ಗಳು ನೋಂದಾಯಿಸಿಕೊಳ್ಳಬಹುದು, ಹಿಂದಿನ ಹನ್ನೆರಡು ತಿಂಗಳಲ್ಲಿ ತೊಂಬತ್ತು ದಿನ ಕೆಲಸ ಮಾಡಿದ ಪ್ರಮಾಣಪತ್ರಕ್ಕೆ ನಾನೂ ಸಹಿ ಹಾಕಿಕೊಡುತ್ತೇನೆ. ಅದು ಒಳ್ಳೆಯದೇ, ಎಲ್ಲ ಮಾಲೀಕರೂ ಹಾಕಿಕೊಡಬೇಕು. ಆದರೆ ಅಲ್ಲಿಯದು ಸಹಾಯಧನ, ಕೌಂಟರಿನಲ್ಲಿ ತೋರಿಸುವ ವಿಮೆಯಲ್ಲ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿ ಹೇಳಬೇಕು. "ನಿಮಗೆ ವಿಮೆ ಇದೆಯೇ" ಎಂದು ಕೇಳಿದರೆ ಹುಡುಗರಲ್ಲಿ ಕೆಲವರು ಇದೆ ಎನ್ನುತ್ತಾರೆ. ವಿಚಾರಿಸಿದರೆ ಅದು ಬ್ಯಾಂಕ್ ಖಾತೆಯಿಂದ ವರ್ಷಕ್ಕೆ ₹20 ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಆಗಿರುತ್ತದೆ. ಅಪಘಾತದಲ್ಲಿ ಸತ್ತರೆ ಅಥವಾ ಸಂಪೂರ್ಣ ಅಂಗವಿಕಲರಾದರೆ ₹2 ಲಕ್ಷ, ಶಾಶ್ವತ ಭಾಗಶಃ ಅಂಗವೈಕಲ್ಯಕ್ಕೆ ₹1 ಲಕ್ಷ ಕೊಡುವ ಆ ಯೋಜನೆಯನ್ನು ಎಲ್ಲರೂ ಮಾಡಿಸಿಕೊಳ್ಳಲೇಬೇಕು. ಆದರೆ ಮೂಳೆ ಮುರಿದು ಆಸ್ಪತ್ರೆ ಸೇರಿದವನ ಬಿಲ್ಲನ್ನು ಅದು ಕಟ್ಟುವುದಿಲ್ಲ.

ಅಪಘಾತವಾದ ವರ್ಷದ ಜೂನ್‌ನಲ್ಲಿ ನಾನು ಎಂಟೂ ಜನರಿಗೆ, ಅವರ ಹೆಂಡತಿ ಮತ್ತು ಇಬ್ಬರು ಮಕ್ಕಳನ್ನು ಸೇರಿಸಿ, ಕುಟುಂಬಕ್ಕೆ ₹3 ಲಕ್ಷದ ಗುಂಪು ಆರೋಗ್ಯ ವಿಮೆ ಮಾಡಿಸಿದೆ. ಏಜೆಂಟರು ಮೊದಲಿಗೆ ಹೇಳಿದ್ದೇ, ಗುಂಪು ಎನ್ನಿಸಿಕೊಳ್ಳಲು ಏಳು ಜನರಾದರೂ ಬೇಕು ಎಂದು. ನಾವು ಎಂಟು ಜನರಿದ್ದುದರಿಂದ ದಾಟಿಕೊಂಡೆವು. ಕಳೆದ ನವೀಕರಣದಲ್ಲಿ ಪ್ರೀಮಿಯಂ ₹62,400, ಅದರ ಮೇಲೆ ಶೇ 18ರ ಜಿಎಸ್‌ಟಿ ₹11,232, ಒಟ್ಟು ₹73,632 ಕಟ್ಟಿದೆ. ಅಂದರೆ ತಿಂಗಳಿಗೆ ಒಬ್ಬ ಕೆಲಸಗಾರನ ಕುಟುಂಬಕ್ಕೆ ₹767. ನಮ್ಮ ನಾಲ್ಕು ಜೋಡಿಗಳು ತಿಂಗಳಿಗೆ ಹೆಚ್ಚು ಕಡಿಮೆ ಇನ್ನೂರು ಮನೆಗಳಿಗೆ ಹೋಗುತ್ತವೆ. ಹಾಗೆ ಹಂಚಿ ನೋಡಿದರೆ ಪ್ರತಿ ಮನೆಯ ಕೆಲಸದ ಮೇಲೆ ಬೀಳುವುದು ಮೂವತ್ತೊಂದು ರೂಪಾಯಿ. ನಾನು ವಿಸಿಟಿಂಗ್ ಚಾರ್ಜನ್ನು ಮೂವತ್ತು ರೂಪಾಯಿ ಏರಿಸಿದೆ. ಅದಕ್ಕಾಗಿ ನನ್ನನ್ನು ಬಿಟ್ಟುಹೋದ ಗ್ರಾಹಕರು ಯಾರೂ ಇಲ್ಲ.

ಹುಡುಗರಿಗೆ ಹೇಳಿದಾಗ ಮೊದಲು ಬಂದ ಉತ್ತರ, "ಅದನ್ನೇ ಸಂಬಳಕ್ಕೆ ಸೇರಿಸಿಕೊಡಿ ಸಾರ್" ಎಂಬುದು. ಆ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮನೆ ಬಾಡಿಗೆ, ಮಕ್ಕಳ ಫೀಸು, ಗಾಡಿಯ ಕಂತು ಕಟ್ಟುವವನಿಗೆ ಏಳುನೂರು ರೂಪಾಯಿ ಸಣ್ಣದಲ್ಲ. ಆದರೆ ಅದೇ ಏಳುನೂರರಲ್ಲಿ ಅವನೊಬ್ಬನೇ ಹೋಗಿ ಇಂಥದೇ ವಿಮೆ ಕೊಳ್ಳಲಾರ. ವೈಯಕ್ತಿಕ ಪಾಲಿಸಿಯಲ್ಲಿ ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷಗಳವರೆಗೂ ಕಾಯಿಸಬಹುದು. ನಮ್ಮ ಗುಂಪು ಪಾಲಿಸಿಯಲ್ಲಿ ಮೊದಲ ದಿನದಿಂದಲೇ ರಕ್ಷಣೆ ಇದೆ. ನಮ್ಮ ಹಿರಿಯ ಪ್ಲಂಬರ್‌ಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಅವರಿಗೆ ಗುಂಪಿನೊಳಗಲ್ಲದೆ ಬೇರೆಲ್ಲೂ ಇಷ್ಟು ಸುಲಭವಾಗಿ ವಿಮೆ ಸಿಗುತ್ತಿರಲಿಲ್ಲ.

ಕಳೆದ ವರ್ಷ ಪ್ಲಂಬಿಂಗ್ ತಂಡದವರೊಬ್ಬರ ಹೆಂಡತಿಗೆ ಪಿತ್ತಕೋಶದ ಕಲ್ಲಿನ ಶಸ್ತ್ರಚಿಕಿತ್ಸೆಯಾಯಿತು. ಹಿಂದಿನ ದಿನಗಳಾಗಿದ್ದರೆ ರಾತ್ರಿ ನನ್ನ ಮನೆ ಬಾಗಿಲಿಗೆ ಬಂದು, ಕೂರಿ ಎಂದರೂ ಕೂರದೆ ನಿಂತುಕೊಂಡೇ ಅಡ್ವಾನ್ಸ್ ಕೇಳಬೇಕಾಗುತ್ತಿತ್ತು. ಈ ಸಲ ಅವರು ಫೋನ್ ಮಾಡಿ ಕೇಳಿದ್ದು ಒಂದೇ ಮಾತು: "ಸಾರ್, ಎರಡು ದಿನ ರಜೆ ಬೇಕಾಗಿತ್ತು." ಆ ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ನಾನು ಸುಮ್ಮನೆ ಕುಳಿತಿದ್ದೆ. ಬಿಲ್ಲಿನಲ್ಲಿ ₹74,000ವನ್ನು ವಿಮಾ ಕಂಪನಿ ಕಟ್ಟಿತು, ₹9,000 ಅವರ ಕೈಯಿಂದ ಹೋಯಿತು. ಹೋದದ್ದಕ್ಕೆ ಕಾರಣ ನನ್ನ ಅಜಾಗರೂಕತೆ. ನಮ್ಮ ಪಾಲಿಸಿಯಲ್ಲಿ ಕೊಠಡಿ ಬಾಡಿಗೆಗೆ ವಿಮಾ ಮೊತ್ತದ ಶೇ 1, ಅಂದರೆ ದಿನಕ್ಕೆ ₹3,000 ಎಂಬ ಮಿತಿ ಇತ್ತು. ಅವರಿಗೆ ಸಿಕ್ಕ ಕೊಠಡಿಯ ಬಾಡಿಗೆ ಅದಕ್ಕಿಂತ ಹೆಚ್ಚಿತ್ತು. ಮಿತಿ ಮೀರಿದಾಗ ಬಾಡಿಗೆಯ ವ್ಯತ್ಯಾಸವನ್ನಷ್ಟೇ ಅಲ್ಲ, ಅದೇ ಪ್ರಮಾಣದಲ್ಲಿ ವೈದ್ಯರ ಶುಲ್ಕ ಮೊದಲಾದವುಗಳನ್ನೂ ಕತ್ತರಿಸುತ್ತಾರೆ. ಈ ಷರತ್ತನ್ನು ನಾನು ಓದಿ ಹುಡುಗರಿಗೆ ಮೊದಲೇ ಹೇಳಬೇಕಿತ್ತು. ಪಾಲಿಸಿ ಮಾಡಿಸುವ ಮಾಲೀಕರು ಪ್ರೀಮಿಯಂ ಎಷ್ಟು ಎಂದು ಕೇಳುವ ಮುಂಚೆ ಕೊಠಡಿ ಬಾಡಿಗೆಯ ಮಿತಿ, ಹೆರಿಗೆಯ ಖರ್ಚು, ತಮ್ಮೂರಿನ ಯಾವ ಯಾವ ಆಸ್ಪತ್ರೆಗಳಲ್ಲಿ ನಗದುರಹಿತ ಚಿಕಿತ್ಸೆ ಸಿಗುತ್ತದೆ ಎಂಬ ಪಟ್ಟಿ, ಇವನ್ನು ಕೇಳಿಕೊಳ್ಳಬೇಕೆಂದು ವಿನಂತಿಸುತ್ತೇನೆ.

ಈಗ ಸರ್ಕಾರಕ್ಕೆ ಹೇಳಬೇಕಾದ ಮಾತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಪ್ರೀಮಿಯಂ ಮೇಲಿದ್ದ ಶೇ 18ರ ಜಿಎಸ್‌ಟಿಯನ್ನು ಪೂರ್ತಿ ತೆಗೆಯಲಾಯಿತು. ಸಂತೋಷದ ಸಂಗತಿ. ಆದರೆ ಆ ವಿನಾಯಿತಿ ಗುಂಪು ಪಾಲಿಸಿಗೆ ಅನ್ವಯಿಸುವುದಿಲ್ಲ. ಇದರ ಪರಿಣಾಮ ಏನೆಂದು ನೋಡಿ: ಕೈತುಂಬ ಆದಾಯವಿರುವ ಒಬ್ಬರು ತಮ್ಮ ಕುಟುಂಬಕ್ಕೆ ₹1 ಕೋಟಿಯ ಪಾಲಿಸಿ ಕೊಂಡರೆ ತೆರಿಗೆ ಸೊನ್ನೆ, ಪೈಪ್ ರೆಂಚ್ ಹಿಡಿಯುವ ಎಂಟು ಮಂದಿಗೆ ₹3 ಲಕ್ಷದ ಪಾಲಿಸಿ ಕೊಡಿಸುವ ಸಣ್ಣ ಮಾಲೀಕ ₹11,232 ತೆರಿಗೆ ಕಟ್ಟಬೇಕು. ದೊಡ್ಡ ಕಂಪನಿಗಳಿಗೆ ಈ ಮೊತ್ತ ಲೆಕ್ಕಕ್ಕೇ ಇಲ್ಲದಿರಬಹುದು, ನಮಗೆ ಅದು ಇನ್ನೊಂದು ಕುಟುಂಬದ ಇಡೀ ವರ್ಷದ ಪ್ರೀಮಿಯಂಗಿಂತಲೂ ಹೆಚ್ಚು. ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದು, ಹಿಂಪಡೆಯೋಣವೆಂದರೆ ಜಿಎಸ್‌ಟಿ ಕಾಯ್ದೆಯ 17(5)ನೇ ಸೆಕ್ಷನ್ ಅಡ್ಡಬರುತ್ತದೆ. ಕಾನೂನು ಕಡ್ಡಾಯ ಮಾಡಿದ್ದಕ್ಕೆ ಮಾಡಿಸಿದ ಆರೋಗ್ಯ ವಿಮೆಯಾದರೆ ಕ್ರೆಡಿಟ್ ಉಂಟು, ಮಾಲೀಕ ತಾನಾಗಿಯೇ ಮಾಡಿಸಿದರೆ ಇಲ್ಲ. ಯಾರೂ ಹೇಳದೆಯೇ ತನ್ನ ಕೆಲಸಗಾರರ ಆರೋಗ್ಯದ ಹೊಣೆ ಹೊರುವವನಿಗೆ ತೆರಿಗೆಯ ಭಾರವೂ ಇರುವುದು ಯಾವ ನ್ಯಾಯದಿಂದಲೂ ಸರಿಯೆನ್ನಿಸುವುದಿಲ್ಲ. ಎಲ್ಲ ಗುಂಪು ಪಾಲಿಸಿಗಳಿಗೂ ವಿನಾಯಿತಿ ಕೊಡುವುದು ಕಷ್ಟವಾದರೆ, ಇಪ್ಪತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಸಂಸ್ಥೆಗಳ ಪಾಲಿಸಿಗಾದರೂ ಕೊಡಲಿ. ಜಿಎಸ್‌ಟಿ ಮಂಡಳಿಯಲ್ಲಿ ಸದಸ್ಯತ್ವವಿರುವ ನಮ್ಮ ರಾಜ್ಯ ಸರ್ಕಾರ ಇದನ್ನು ಮುಂದಿನ ಸಭೆಯಲ್ಲಿ ಪ್ರಸ್ತಾಪಿಸಬೇಕೆಂದು ನನ್ನ ಕೋರಿಕೆ.

ಇಎಸ್‌ಐ ಬಗ್ಗೆ ನನ್ನ ಕಸುಬಿನ ಗೆಳೆಯರಲ್ಲಿ ಇರುವ ಅಸಡ್ಡೆಯನ್ನು ಕಂಡು ನನಗೆ ಬೇಸರವಾಗುತ್ತದೆ. ಡಿಸ್ಪೆನ್ಸರಿಯ ಸಾಲು, ಅಲೆದಾಟ, ಔಷಧಿ ಇಲ್ಲವೆಂಬ ಉತ್ತರ, ಇವೆಲ್ಲ ಅವರು ಕೊಡುವ ಕಾರಣಗಳು. ಅವು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೂ ಕೂತು ಲೆಕ್ಕ ಹಾಕಬೇಕು. 2019ರ ಜುಲೈನಿಂದ ಇಎಸ್‌ಐ ವಂತಿಗೆ ಮಾಲೀಕನದು ಶೇ 3.25, ಕೆಲಸಗಾರನದು ಶೇ 0.75. ಹದಿನೆಂಟು ಸಾವಿರ ಸಂಬಳದ ಹುಡುಗನಿಗೆ ನಾನು ಕಟ್ಟಬೇಕಾದದ್ದು ₹585, ಅವನಿಂದ ಹೋಗುವುದು ₹135, ಎರಡೂ ಸೇರಿ ₹720. ನಾನು ಖಾಸಗಿ ವಿಮೆಗೆ ಕೊಡುತ್ತಿರುವುದಕ್ಕಿಂತ ಇದು ಕಡಿಮೆ. ಇದರಲ್ಲಿ ಮೂರು ಲಕ್ಷ, ಐದು ಲಕ್ಷ ಎಂಬ ಮೇಲ್ಮಿತಿ ಇಲ್ಲ. ಅವಲಂಬಿತ ತಂದೆತಾಯಿಯೂ ಸೇರುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಆಸ್ಪತ್ರೆ ವಿಮೆಯೂ ಕೊಡದ ಒಂದನ್ನು ಇಎಸ್‌ಐ ಕೊಡುತ್ತದೆ, ಅದು ಮಲಗಿದ ದಿನಗಳ ಕೂಲಿ. ಅಗತ್ಯವಿರುವಷ್ಟು ದಿನಗಳ ವಂತಿಗೆ ಸಂದಿದ್ದರೆ ಕಾಯಿಲೆಯಲ್ಲಿ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ 70, ಕೆಲಸದಲ್ಲಿ ಗಾಯವಾದರೆ ಗುಣವಾಗುವವರೆಗೂ ಶೇ 90. ಸಜ್ಜಾದಿಂದ ಬಿದ್ದ ನಮ್ಮ ಹುಡುಗ ಇಎಸ್‌ಐನಲ್ಲಿದ್ದಿದ್ದರೆ ಆ ನಾಲ್ಕು ತಿಂಗಳೂ ಅವನಿಗೆ ತಿಂಗಳಿಗೆ ಸುಮಾರು ₹16,200 ಬರುತ್ತಿತ್ತು, ಒಡವೆಗಳೂ ಗಿರವಿ ಅಂಗಡಿಗೆ ಹೋಗುತ್ತಿರಲಿಲ್ಲ.

ಹತ್ತಕ್ಕಿಂತ ಕಡಿಮೆ ಜನರಿದ್ದರೆ ಇಎಸ್‌ಐಗೆ ಸೇರಲಾಗದು ಎಂಬುದು ಈಗ ಹಳೆಯ ಮಾತಾಗಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ, ಮಾಲೀಕ ಮತ್ತು ಬಹುಪಾಲು ಕೆಲಸಗಾರರು ಒಪ್ಪಿದರೆ ಸಣ್ಣ ಸಂಸ್ಥೆಯೂ ಅರ್ಜಿ ಹಾಕಿ ಸ್ವಇಚ್ಛೆಯಿಂದ ಸೇರಲು ಅವಕಾಶವಿದೆ. ಈ ವಿಷಯ ನನ್ನ ಪರಿಚಯದ ಕಂಟ್ರಾಕ್ಟರುಗಳಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಕಾರ್ಮಿಕ ಇಲಾಖೆ ಮತ್ತು ಇಎಸ್‌ಐ ನಿಗಮ ಇದನ್ನು ಕನ್ನಡದಲ್ಲಿ, ನಾವು ಹೋಗುವ ಜಾಗಗಳಲ್ಲಿ, ಅಂದರೆ ಹಾರ್ಡ್‌ವೇರ್ ಅಂಗಡಿಗಳಲ್ಲಿ, ಎಸಿ ಬಿಡಿಭಾಗಗಳ ಮಳಿಗೆಗಳಲ್ಲಿ, ಪಾಲಿಕೆಯ ಪರವಾನಗಿ ನವೀಕರಣದ ಕೌಂಟರಿನಲ್ಲಿ ತಿಳಿಸಬೇಕು. ಸಂಬಳದ ಮಿತಿಯನ್ನೂ ಮರುಪರಿಶೀಲಿಸಬೇಕು. ₹21,000 ಎಂಬ ಮಿತಿ ಜಾರಿಗೆ ಬಂದದ್ದು 2017ರ ಜನವರಿಯಲ್ಲಿ. ಅಲ್ಲಿಂದೀಚೆಗೆ ಬಾಡಿಗೆ, ಅಕ್ಕಿ, ಪೆಟ್ರೋಲು ಎಲ್ಲವೂ ಏರಿವೆ, ಸಂಬಳವೂ ಏರಿದೆ. ನನ್ನಲ್ಲಿರುವ ಮೂವರು ಹಿರಿಯ ಕೆಲಸಗಾರರು ಆ ಮಿತಿಯನ್ನು ಸ್ವಲ್ಪದರಲ್ಲೇ ದಾಟಿದ್ದಾರೆ. ಅತಿ ಎತ್ತರದ ಕೆಲಸವನ್ನು ಅನುಭವವಿದೆಯೆಂದು ನಾವು ಒಪ್ಪಿಸುವುದು ಆ ಮೂವರಿಗೇ.

ಇಬ್ಬರು ಮೂವರು ಹುಡುಗರನ್ನಿಟ್ಟುಕೊಂಡು ಒಂದು ಸ್ಕೂಟರಿನಲ್ಲಿ ವ್ಯವಹಾರ ನಡೆಸುವವರೇ ನಮ್ಮ ಕಸುಬಿನಲ್ಲಿ ಹೆಚ್ಚು. ಅವರಿಗೆ ಏಳು ಜನರ ಗುಂಪೂ ಆಗುವುದಿಲ್ಲ. ಆದರೆ ಗುಂಪು ವಿಮೆಯನ್ನು ಮಾಲೀಕರು ಮಾತ್ರವಲ್ಲ, ವಿಮೆಗಾಗಿಯೇ ಹುಟ್ಟಿಕೊಳ್ಳದೆ ಮೊದಲಿನಿಂದಲೂ ನಡೆದುಬಂದಿರುವ ಸಂಘಗಳೂ ತಮ್ಮ ಸದಸ್ಯರಿಗಾಗಿ ಪಡೆಯಬಹುದು. ಅನೇಕ ಊರುಗಳಲ್ಲಿ ಪ್ಲಂಬರ್‌ಗಳ, ಎಸಿ ತಂತ್ರಜ್ಞರ ಸಂಘಗಳಿವೆ. ಆಯುಧಪೂಜೆಗೆ, ಕ್ರಿಕೆಟ್ ಪಂದ್ಯಾವಳಿಗೆ ನಾವೆಲ್ಲ ಚಂದಾ ಎತ್ತಿ ಸೇರುತ್ತೇವೆ. ಅದೇ ಸಂಘದ ಹೆಸರಿನಲ್ಲಿ ನೂರು ಕುಟುಂಬಗಳನ್ನು ಒಟ್ಟುಗೂಡಿಸಿ ವಿಮಾ ಕಂಪನಿಯ ಮುಂದೆ ಕುಳಿತರೆ, ಎಂಟು ಜನರಿಗಾಗಿ ನಾನೊಬ್ಬ ಚೌಕಾಸಿ ಮಾಡಿದ್ದಕ್ಕಿಂತ ಒಳ್ಳೆಯ ದರವೂ ಷರತ್ತೂ ಸಿಗುತ್ತವೆ ಎಂಬ ನಂಬಿಕೆ ನನಗಿದೆ. ಮೈಸೂರಿನಲ್ಲಿ ಯಾವ ಸಂಘವಾದರೂ ಮುಂದೆ ಬಂದರೆ ನನ್ನ ಪಾಲಿಸಿಯ ಕಾಗದಗಳು, ಲೆಕ್ಕ, ಮಾಡಿದ ತಪ್ಪುಗಳು ಎಲ್ಲವನ್ನೂ ಅವರ ಮುಂದಿಡಲು ಸಿದ್ಧನಿದ್ದೇನೆ.

ಅಪಾರ್ಟ್‌ಮೆಂಟ್ ಸಂಘಗಳಿಗೂ ಒಂದು ಮಾತು. ವಾರ್ಷಿಕ ನಿರ್ವಹಣೆಯ ಗುತ್ತಿಗೆ ಕೊಡುವಾಗ ಮೂರು ಕೊಟೇಶನ್ ತರಿಸಿ ಕಡಿಮೆಯದನ್ನು ಆರಿಸುತ್ತೀರಿ. ಆ ಕಡಿಮೆ ದರ ಹೇಗೆ ಬಂತು ಎಂದೂ ಒಮ್ಮೆ ಕೇಳಿ. ಹುಡುಗರಿಗೆ ಇಎಸ್‌ಐ ಆಗಲಿ ವಿಮೆಯಾಗಲಿ ಇದೆಯೇ, ಸೇಫ್ಟಿ ಬೆಲ್ಟ್ ಇದೆಯೇ ಎಂಬ ಎರಡು ಸಾಲುಗಳನ್ನು ನಿಮ್ಮ ಷರತ್ತುಗಳಲ್ಲಿ ಸೇರಿಸಿದರೆ, ವಿಮೆ ಮಾಡಿಸಿದ ಕಂಟ್ರಾಕ್ಟರ್ ಮಾಡಿಸದವನ ಎದುರು ದರದಲ್ಲಿ ಸೋಲುವುದು ತಪ್ಪುತ್ತದೆ.

"ಹುಡುಗರು ಆರು ತಿಂಗಳಿಗೆ ಬಿಟ್ಟುಹೋಗುತ್ತಾರೆ, ಅವರಿಗೆ ಯಾಕೆ ಕಟ್ಟಬೇಕು" ಎನ್ನುವ ಮಾಲೀಕರು ನನಗೆ ದಿನವೂ ಸಿಗುತ್ತಾರೆ. ಬಿಟ್ಟವನ ಹೆಸರು ತೆಗೆಸಿ ಸೇರಿದವನ ಹೆಸರು ಹಾಕಿಸುವುದು ಗುಂಪು ಪಾಲಿಸಿಯಲ್ಲಿ ಒಂದು ಇಮೇಲ್‌ನ ಕೆಲಸ. ಉಳಿದ ತಿಂಗಳುಗಳ ಹಣ ಲೆಕ್ಕಕ್ಕೆ ಜಮೆಯಾಗುತ್ತದೆ. ಕೆಲಸ ಬಿಟ್ಟ ದಿನವೇ ರಕ್ಷಣೆಯೂ ನಿಲ್ಲುತ್ತದೆ ಎಂಬುದನ್ನು ಮಾತ್ರ ಹೋಗುವವನಿಗೆ ಬಿಡಿಸಿ ಹೇಳಬೇಕು.

ಇನ್ನು ನಮ್ಮಲ್ಲಿ ಬಹುಕಾಲದಿಂದ ಬೇರೂರಿರುವ ಒಂದು ಪದ್ಧತಿ ಇದೆ. ಕೆಲಸ ಎಷ್ಟೇ ಹೆಚ್ಚಾದರೂ ಪುಸ್ತಕದಲ್ಲಿ ಒಂಬತ್ತು ಜನರನ್ನೇ ತೋರಿಸುವುದು, ಹತ್ತನೆಯವನನ್ನು ದಿನಗೂಲಿ, ಸಬ್ ಕಂಟ್ರಾಕ್ಟ್ ಎಂದು ಹೊರಗಿಡುವುದು. ಒಮ್ಮೆ ಇಎಸ್‌ಐಗೆ ಒಳಪಟ್ಟರೆ ಮುಂದೆ ಜನ ಕಡಿಮೆಯಾದರೂ ಬಿಡುಗಡೆಯಿಲ್ಲ ಎಂಬ ಭಯ ಇದಕ್ಕೆ ಕಾರಣ. ನಾನೂ ಎಷ್ಟೋ ವರ್ಷ ಆ ಗೆರೆಯನ್ನು ದಾಟದಂತೆ ಎಚ್ಚರವಹಿಸಿದವನೇ. ಈ ಸೀಸನ್‌ಗೆ ಇಬ್ಬರು ಹೊಸ ಹುಡುಗರು ಬೇಕಾಗಿದ್ದಾರೆ. ಒಬ್ಬ ಕಳೆದ ಸೋಮವಾರ ಸೇರಿದ, ಇನ್ನೊಬ್ಬ ಯುಗಾದಿ ಮುಗಿಸಿಕೊಂಡು ಊರಿನಿಂದ ಬರುತ್ತಾನೆ. ಅವನು ಹತ್ತನೆಯವನು. ಇಎಸ್‌ಐ ನೋಂದಣಿಗೆ ಬೇಕಾದ ಕಾಗದಗಳನ್ನು ತೆಗೆದಿಟ್ಟಿದ್ದೇನೆ, ಮಿತಿ ದಾಟಿರುವ ಮೂವರಿಗೆ ಜೂನ್‌ನಲ್ಲಿ ಯಾವ ಪಾಲಿಸಿ ಮಾಡಿಸಬಹುದೆಂದು ವಿಚಾರಿಸುತ್ತಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಪ್ಲಂಬಿಂಗ್ ಮತ್ತು ಎಸಿ ಗುತ್ತಿಗೆದಾರ, ಮೈಸೂರು